‘ಅಪಾಯ ಎರಡು ಪಟ್ಟು’ ಅಂದ್ರೆ ನನಗೆಷ್ಟು? ಹೃದಯದ ಅಧ್ಯಯನದ ಸುದ್ದಿ ಓದುವ ಕ್ರಮ

ಹೃದಯಾಘಾತದ ಬಗ್ಗೆ ಹೊಸ ಅಧ್ಯಯನವೊಂದು ಪೇಪರ್‌ನಲ್ಲಿ ಬಂದರೆ ಸಾಕು, ಓದುಗರಿಂದ ಅದೇ ಪ್ರಶ್ನೆಗಳು ಮತ್ತೆ ಬರುತ್ತವೆ. “ಕಾಫಿ ಬಿಡಬೇಕಾ?” “ನಮ್ಮೆಜಮಾನ್ರು ಕ್ಯಾಬ್ ಓಡಿಸ್ತಾರೆ, ಅವರಿಗೆ ಅಪಾಯ ಜಾಸ್ತಿಯಂತೆ, ಹೌದಾ?” “ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಕಡಿಮೆ ಅಲ್ವಾ, ನಾನ್ಯಾಕೆ ಟೆಸ್ಟ್ ಮಾಡಿಸ್ಬೇಕು?” 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದರು. ಆ ಭಯ ಅರ್ಥವಾಗುವಂಥದ್ದೇ. ಆದರೆ ಒಂದು ಇಸಿಜಿ ಮಾಡಿಸಿಕೊಂಡು ಬಂದ ಮಾತ್ರಕ್ಕೆ ಮುಂದಿನ 10 ವರ್ಷ ನಿಮಗೆಷ್ಟು ಅಪಾಯ ಅಂತ ತಿಳಿಯುವುದಿಲ್ಲ. ಇಸಿಜಿ ಹೇಳುವುದು ಆ ಹೊತ್ತಿನ ಸಂಗತಿ.

ಮುಂದಿನ ಅಪಾಯದ ಅಂದಾಜು ಸಿಗುವುದು ಜನಸಮೂಹದ ಅಧ್ಯಯನಗಳಿಂದ. ಸಾವಿರಾರು ಜನರ ಬಿಪಿ, ತೂಕ, ರಕ್ತ ಎಲ್ಲ ನೋಡಿ, ಯಾರಿಗೆ ಹೃದಯದ ಕಾಯಿಲೆ ಬಂತು, ಯಾರಿಗೆ ಬರಲಿಲ್ಲ ಎಂದು ಲೆಕ್ಕ ಇಡುವ ಕೆಲಸ ಅದು. ಹಾಗೆ ಸಿಕ್ಕಿದ ಗುಂಪಿನ ಲೆಕ್ಕವನ್ನು ನಿಮ್ಮ ಮನೆಯ ಒಬ್ಬೊಬ್ಬರ ಲೆಕ್ಕಕ್ಕೆ ಇಳಿಸುವುದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಹೇಳಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಗಂಡಸರ ಲೆಕ್ಕ ಬೇರೆ, ಹೆಂಗಸರ ಲೆಕ್ಕ ಬೇರೆ. ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಗೊಂದಲ ಈ ಎರಡನ್ನು ಬೆರೆಸುವುದರಿಂದಲೇ ಆಗಿರುತ್ತದೆ.

ಇನ್ನೊಂದು ಎಚ್ಚರಿಕೆ. ಈಗಲೇ ಎದೆ ಹಿಂಡಿದಂತೆ ಆಗುತ್ತಿದ್ದರೆ, ನೋವು ಕೈಗೋ ದವಡೆಗೋ ಬೆನ್ನಿಗೋ ಹರಿಯುತ್ತಿದ್ದರೆ, ತಣ್ಣನೆ ಬೆವರು, ಉಸಿರು ಕಟ್ಟುವುದು ಇದ್ದರೆ ಓದುವುದನ್ನು ನಿಲ್ಲಿಸಿ 108ಕ್ಕೆ ಫೋನ್ ಮಾಡಿ. ಗ್ಯಾಸ್ ಇರಬಹುದು ಅಂತ ಸೋಡಾ ಕುಡಿದು ಕಾಯಬೇಡಿ. ಹೆಂಗಸರಿಗೂ ಎದೆನೋವೇ ಮುಖ್ಯ ಲಕ್ಷಣ. ಅದರ ಜೊತೆಗೆ ವಾಕರಿಕೆ, ವಿಪರೀತ ಸುಸ್ತು, ಉಬ್ಬಸ ಬರುವುದು ಅವರಲ್ಲಿ ಸ್ವಲ್ಪ ಜಾಸ್ತಿ. ಹಾಗಾಗಿ ‘ಸುಮ್ನೆ ಸುಸ್ತು’ ಅಂತ ತಳ್ಳಿಹಾಕುವುದೂ ಜಾಸ್ತಿ.

ಏನೇನು ಬೇಕು

ನೀವು ಓದಿದ ಸುದ್ದಿ, ಒಂದು ಹಾಳೆ, ಪೆನ್ನು. ಟೈಲರ್ ಟೇಪು. ಬಿಪಿ ಮಿಷನ್ (ಮನೆಯಲ್ಲಿ ಇಲ್ಲದಿದ್ದರೆ ನಿಮ್ಮ ವಾರ್ಡಿನ ನಮ್ಮ ಕ್ಲಿನಿಕ್‌ನಲ್ಲಿ ಬಿಪಿ, ಶುಗರ್ ನೋಡುತ್ತಾರೆ, ದುಡ್ಡು ಕೊಡಬೇಕಿಲ್ಲ). ಒಂದು ವರ್ಷದ ಒಳಗಿನ ರಕ್ತಪರೀಕ್ಷೆಯ ರಿಪೋರ್ಟು. ಹೆರಿಗೆಯಾದ ಹೆಂಗಸರು ತಮ್ಮ ಹಳೆಯ ತಾಯಿ ಕಾರ್ಡ್ ಹುಡುಕಿಟ್ಟುಕೊಳ್ಳಿ. ಅದು ಯಾಕೆ ಅಂತ 5ನೇ ಹಂತದಲ್ಲಿ ಬರುತ್ತದೆ.

ಹಂತ 1: ಯಾರನ್ನು ನೋಡಿದರು?

ತಲೆಬರಹ ಬಿಟ್ಟು ಕೆಳಗೆ ಬನ್ನಿ. ಎಷ್ಟು ಜನ, ಯಾವ ಊರಿನವರು, ಯಾವ ವಯಸ್ಸಿನವರು, ಅವರಲ್ಲಿ ಹೆಂಗಸರು ಎಷ್ಟು? ಈ ನಾಲ್ಕನ್ನೂ ಹಾಳೆಯಲ್ಲಿ ಬರೆದುಕೊಳ್ಳಿ. ಒಂದೂ ಸಿಗದಿದ್ದರೆ ಆ ಸುದ್ದಿಯನ್ನು ಅಲ್ಲಿಗೇ ಬಿಡಬಹುದು.

ಇದು ಯಾಕೆ ಮುಖ್ಯ ಅಂತ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ 1948ರಲ್ಲಿ ಒಂದು ಅಧ್ಯಯನ ಶುರುವಾಯಿತು. 5,209 ಜನ ಸೇರಿದರು. ಎರಡು ವರ್ಷಕ್ಕೊಮ್ಮೆ ಅವರನ್ನು ಕರೆದು ಪರೀಕ್ಷೆ ಮಾಡುತ್ತಿದ್ದರು. ಬಿಪಿ ಮತ್ತು ಕೊಲೆಸ್ಟ್ರಾಲ್ ಜಾಸ್ತಿ ಇದ್ದವರಿಗೆ ಮುಂದೆ ಹೃದಯದ ಕಾಯಿಲೆ ಹೆಚ್ಚು ಬರುತ್ತದೆ ಎಂಬುದು ಅಲ್ಲಿ ಗಟ್ಟಿಯಾಯಿತು. ‘ರಿಸ್ಕ್ ಫ್ಯಾಕ್ಟರ್’, ಅಂದರೆ ಅಪಾಯದ ಅಂಶ ಎನ್ನುವ ಮಾತು ಬಳಕೆಗೆ ಬಂದದ್ದು 1961ರಲ್ಲಿ ಈ ತಂಡ ಪ್ರಕಟಿಸಿದ ಲೇಖನದಿಂದ. 1971ರಲ್ಲಿ ಅವರ ಮಕ್ಕಳನ್ನು, 2002ರಲ್ಲಿ ಮೊಮ್ಮಕ್ಕಳನ್ನು ಸೇರಿಸಿಕೊಂಡರು. ಮೊದಲ ತಂಡದಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರೇ ಇದ್ದರು. ಆ ಕಾಲಕ್ಕೆ ಇದು ಅಪರೂಪ.

ಯಾಕೆಂದರೆ ಅದೇ ಕಾಲದ ಬೇರೆ ಕೆಲವು ದೊಡ್ಡ ಅಧ್ಯಯನಗಳಲ್ಲಿ ಹೆಂಗಸರೇ ಇರಲಿಲ್ಲ. 1958ರಲ್ಲಿ ಶುರುವಾದ ‘ಏಳು ದೇಶಗಳ ಅಧ್ಯಯನ’ದಲ್ಲಿ ಇದ್ದವರು 40ರಿಂದ 59 ವರ್ಷದ ಗಂಡಸರು ಮಾತ್ರ. 1967ರಲ್ಲಿ ಲಂಡನ್ನಿನ ಸರ್ಕಾರಿ ನೌಕರರ ಮೇಲೆ ನಡೆದ ವೈಟ್‌ಹಾಲ್ ಅಧ್ಯಯನವೂ ಗಂಡಸರದ್ದೇ. ಅಲ್ಲಿ ಹೆಂಗಸರು ಸೇರಿದ್ದು 1985ರ ಎರಡನೇ ಸುತ್ತಿನಲ್ಲಿ.

ಹಾಗಾದರೆ ಏನಾಯಿತು? ಆಸ್ಪಿರಿನ್ ಕಥೆ ನೋಡಿ. ಅಮೆರಿಕದ 22,071 ಪುರುಷ ವೈದ್ಯರ ಮೇಲೆ ಪ್ರಯೋಗ ಮಾಡಿ 1989ರಲ್ಲಿ ಫಲಿತಾಂಶ ಕೊಟ್ಟರು. ಆಸ್ಪಿರಿನ್ ತೆಗೆದುಕೊಂಡವರಲ್ಲಿ ಹೃದಯಾಘಾತ ಶೇ 44ರಷ್ಟು ಕಡಿಮೆ. ಹೆಂಗಸರಿಗೂ ಹಾಗೇ ಇರಬಹುದೆಂದು ಎಷ್ಟೋ ಜನ ಅಂದುಕೊಂಡರು. ಆಮೇಲೆ 39,876 ಮಹಿಳೆಯರ ಮೇಲೆ ಅದೇ ಪ್ರಯೋಗ ನಡೆದು 2005ರಲ್ಲಿ ಫಲಿತಾಂಶ ಬಂತು. ಒಟ್ಟಾರೆ ನೋಡಿದರೆ ಅವರಲ್ಲಿ ಹೃದಯಾಘಾತ ಕಡಿಮೆಯಾಗಿರಲಿಲ್ಲ. ಪಾರ್ಶ್ವವಾಯು ಸ್ವಲ್ಪ ಕಡಿಮೆಯಾಗಿತ್ತು. ಒಂದೇ ಮಾತ್ರೆ, ಎರಡು ಉತ್ತರ.

ಎಚ್ಚರಿಕೆ: ಈ ಸಂಖ್ಯೆ ಓದಿ ಮನೆಯ ಗಂಡಸರು ಆಸ್ಪಿರಿನ್ ಶುರು ಮಾಡಬೇಡಿ. ಹೊಟ್ಟೆಯಲ್ಲಿ ರಕ್ತಸ್ರಾವ ಆಗುವ ಅಪಾಯ ಇದೆ. ಈಗಾಗಲೇ ಡಾಕ್ಟರು ಬರೆದುಕೊಟ್ಟಿದ್ದರೆ ನೀವಾಗಿ ನಿಲ್ಲಿಸಲೂಬೇಡಿ.

ಹಂತ 2: ಯಾವ ಬಗೆಯ ಅಧ್ಯಯನ?

ಸುದ್ದಿಗಳಲ್ಲಿ ಎಲ್ಲವನ್ನೂ ‘ಸಂಶೋಧನೆ’ ಅಂತ ಒಂದೇ ಹೆಸರಲ್ಲಿ ಕರೆಯುತ್ತಾರೆ. ಒಳಗೆ ನೋಡಿದರೆ ಬೇರೆ ಬೇರೆ ಬಗೆ ಇರುತ್ತದೆ. ಒಂದೊಂದರ ತೂಕವೂ ಬೇರೆ.

ಕೋಹಾರ್ಟ್ ಅಧ್ಯಯನ ಅಂದರೆ ಆರೋಗ್ಯವಾಗಿರುವ ಗುಂಪನ್ನು ಹಿಡಿದು ವರ್ಷಗಟ್ಟಲೆ ಹಿಂಬಾಲಿಸುವುದು. ಫ್ರೇಮಿಂಗ್‌ಹ್ಯಾಮ್ ಇದೇ. ನಮ್ಮಲ್ಲಿ ಇದರ ಒಳ್ಳೆಯ ಉದಾಹರಣೆ ‘ಪ್ಯೂರ್’ ಎಂಬ ಬಹುದೇಶಗಳ ಅಧ್ಯಯನ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಅದರಲ್ಲಿ ಇದ್ದಾರೆ. ಊರಿನವರು, ಪೇಟೆಯವರು ಇಬ್ಬರನ್ನೂ ನೋಡುತ್ತಾರೆ. 2014ರಲ್ಲಿ ಅದರಿಂದ ಬಂದ ಒಂದು ಫಲಿತಾಂಶ ನನಗೆ ಇವತ್ತಿಗೂ ಮುಖ್ಯ ಅನಿಸುತ್ತದೆ. ಶ್ರೀಮಂತ ದೇಶಗಳ ಜನರಲ್ಲಿ ಅಪಾಯದ ಅಂಶಗಳು ಹೆಚ್ಚಿದ್ದವು, ಆದರೂ ಹೃದಯದ ಕಾಯಿಲೆಯಿಂದ ಸಾಯುವವರು ಬಡ ದೇಶಗಳಲ್ಲೇ ಜಾಸ್ತಿ. ಶ್ರೀಮಂತ ದೇಶಗಳಲ್ಲಿ ಬಿಪಿಗೆ ಮಾತ್ರೆ, ಅಟ್ಯಾಕ್ ಆದಾಗ ಚಿಕಿತ್ಸೆ ಬೇಗ ಸಿಗುತ್ತದೆ. ಅಪಾಯ ಇರುವುದು ನಿಮ್ಮ ತಟ್ಟೆಯಲ್ಲಿ ಮಾತ್ರ ಅಲ್ಲ, ಆಸ್ಪತ್ರೆ ಎಷ್ಟು ದೂರ ಇದೆ ಎಂಬುದರಲ್ಲೂ ಇದೆ.

ಕೇಸ್-ಕಂಟ್ರೋಲ್ ಅಧ್ಯಯನ ಅಂದರೆ ಕಾಯಿಲೆ ಬಂದವರನ್ನೂ, ಅದೇ ವಯಸ್ಸಿನ ಕಾಯಿಲೆ ಬಾರದವರನ್ನೂ ಎದುರುಬದುರು ಇಟ್ಟು ಹಿಂದೆ ನೋಡುವುದು. ಬೆಂಗಳೂರಿನಲ್ಲಿ ವೈದ್ಯ ಪ್ರೇಮ್ ಪೈಸ್ ಮತ್ತು ಜೊತೆಗಾರರು ಮೊದಲ ಬಾರಿ ಹೃದಯಾಘಾತ ಆದ 200 ಜನರನ್ನೂ, ಹೋಲಿಕೆಗೆ ಇನ್ನೂ 200 ಜನರನ್ನೂ ನೋಡಿ 1996ರಲ್ಲಿ ಪ್ರಕಟಿಸಿದರು. ಎದ್ದು ಕಂಡದ್ದು ಸಿಗರೇಟು ಮತ್ತು ಬೀಡಿ. ಜೊತೆಗೆ ಬಿಪಿ, ಸಕ್ಕರೆ ಕಾಯಿಲೆ ಮತ್ತು ಹೊಟ್ಟೆಯ ಬೊಜ್ಜು. ಕೊಲೆಸ್ಟ್ರಾಲ್ ಒಂದನ್ನೇ ಹಿಡಿದು ಕೂತಿದ್ದ ನಮ್ಮ ಊರಿಗೆ ಇದು ಕಣ್ಣು ತೆರೆಸುವ ಸಂಗತಿ. ಆಮೇಲೆ 52 ದೇಶಗಳಲ್ಲಿ ನಡೆದು 2004ರಲ್ಲಿ ಬಂದ ‘ಇಂಟರ್‌ಹಾರ್ಟ್’ ಕೂಡ ಇದೇ ಬಗೆಯದು. ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಬೇರೆ ದೇಶದವರಲ್ಲಿ 58.8 ಅಂತ ಗೊತ್ತಾದದ್ದು ಅದರಿಂದ.

ಸಮೀಕ್ಷೆ ಅಂದರೆ ಒಂದು ಹೊತ್ತಿನ ಎಣಿಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆ ಮನೆಗೆ ಬಂದು ಬಿಪಿ, ಶುಗರ್ ನೋಡಿದರು. ಎಷ್ಟು ಜನರಿಗೆ ಬಿಪಿ ಇದೆ ಅಂತ ಅದರಿಂದ ತಿಳಿಯುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ತಿಳಿಯುವುದಿಲ್ಲ.

ಕೊನೆಯದು ಆಸ್ಪತ್ರೆಯ ನೋಂದಣಿ. ಇಲ್ಲೇ ಜನ ಜಾಸ್ತಿ ಎಡವುವುದು. ಜಯದೇವ ಸಂಸ್ಥೆಯವರು 40 ವರ್ಷದೊಳಗಿನ ಹೃದ್ರೋಗಿಗಳ ದಾಖಲೆ ಇಟ್ಟಿದ್ದಾರೆ. ಬಹಳ ಬೆಲೆಬಾಳುವ ಕೆಲಸ. ಆದರೆ ಸುದ್ದಿಯಲ್ಲಿ “ಯುವ ರೋಗಿಗಳಲ್ಲಿ ಚಾಲಕರೇ ಜಾಸ್ತಿ” ಅಂತ ಬಂದಾಗ ನೀವು ಕೇಳಬೇಕಾದದ್ದು: ಆ ಆಸ್ಪತ್ರೆಗೆ ಬರುವ ಜನರಲ್ಲಿ ಚಾಲಕರು ಎಷ್ಟು? ಈ ಊರಲ್ಲಿ ಒಟ್ಟು ಚಾಲಕರು ಎಷ್ಟು? ಆಟೋ, ಕ್ಯಾಬ್ ತುಂಬಿರುವ ಊರಲ್ಲಿ, ಕಡಿಮೆ ಖರ್ಚಿನ ಸರ್ಕಾರಿ ಆಸ್ಪತ್ರೆಗೆ ಚಾಲಕರು ಹೆಚ್ಚು ಬರುವುದು ಸಹಜ. ಭಾಗಿಸುವ ಸಂಖ್ಯೆ ಇಲ್ಲದೆ ಅಪಾಯದ ಲೆಕ್ಕ ಆಗುವುದಿಲ್ಲ. ಹಾಗಂತ ದಿನವಿಡೀ ಕೂತು, ಹೊಗೆ ಕುಡಿದು, ಹೊತ್ತಲ್ಲದ ಹೊತ್ತಲ್ಲಿ ಊಟ ಮಾಡುವವರಿಗೆ ಅಪಾಯವೇ ಇಲ್ಲ ಅಂತಲ್ಲ. ಎಷ್ಟು ಅಂತ ಆ ದಾಖಲೆಯೊಂದೇ ಹೇಳಲಾರದು, ಅಷ್ಟೇ. ಹಾಸನದ ಸುದ್ದಿಗೂ ಇದೇ ಮಾತು. ಒಂದು ತಿಂಗಳಲ್ಲಿ ಇಷ್ಟು ಸಾವು ಎಂದರೆ ಸಾಲದು. ಅದೇ ಜಿಲ್ಲೆಯಲ್ಲಿ ಹಿಂದಿನ ವರ್ಷಗಳ ಅದೇ ತಿಂಗಳಲ್ಲಿ ಎಷ್ಟಿತ್ತು ಅಂತ ಬೇಕು.

ಹಂತ 3: ‘ಪಟ್ಟು’ ಮತ್ತು ‘ಶೇಕಡಾ’ವನ್ನು ತಲೆ ಎಣಿಕೆಗೆ ತಿರುಗಿಸಿ

ಅಪಾಯವನ್ನು ಎರಡು ರೀತಿ ಹೇಳಬಹುದು. ಒಂದು ಹೋಲಿಕೆಯ ಅಪಾಯ: ಇವರಿಗೆ ಅವರಿಗಿಂತ ಎಷ್ಟು ಪಟ್ಟು. ಇನ್ನೊಂದು ನೇರ ಅಪಾಯ: ಇಷ್ಟು ಜನರಲ್ಲಿ ಎಷ್ಟು ಜನರಿಗೆ. ಪೇಪರಿನವರಿಗೆ ಮೊದಲನೆಯದು ಇಷ್ಟ. ನಿಮಗೆ ಬೇಕಾದದ್ದು ಎರಡನೆಯದು.

ನಿಜವಾದ ಒಂದು ಉದಾಹರಣೆ ತೆಗೆದುಕೊಳ್ಳೋಣ. ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವ ಬಗ್ಗೆ ಅಮೆರಿಕದಲ್ಲಿ 16,608 ಮಹಿಳೆಯರ ಮೇಲೆ ಪ್ರಯೋಗ ನಡೆಯಿತು. 2002ರಲ್ಲಿ ಅದನ್ನು ಮಧ್ಯದಲ್ಲೇ ನಿಲ್ಲಿಸಿದರು. ಮಾತ್ರೆ ತೆಗೆದುಕೊಂಡವರಲ್ಲಿ ಹೃದಯದ ತೊಂದರೆ ಶೇ 29 ಹೆಚ್ಚು ಎಂದು ಸುದ್ದಿಯಾಯಿತು. ಈಗ ತಲೆ ಎಣಿಸಿ. ಮಾತ್ರೆ ಇಲ್ಲದ 10,000 ಮಹಿಳೆಯರಲ್ಲಿ ವರ್ಷಕ್ಕೆ 30 ಜನರಿಗೆ ತೊಂದರೆ. ಮಾತ್ರೆ ತೆಗೆದುಕೊಂಡ 10,000 ಮಹಿಳೆಯರಲ್ಲಿ 37 ಜನರಿಗೆ. ಹೆಚ್ಚಾದವರು 7 ಜನ. (30ಕ್ಕೆ 7 ಸೇರಿದರೆ ಶೇ 23 ತಾನೇ ಅಂತ ಲೆಕ್ಕ ಹಾಕಿದಿರಾ? ಶಭಾಷ್. ಸಂಶೋಧಕರು ವಯಸ್ಸು, ಹಳೆಯ ಕಾಯಿಲೆ, ಕಾಲ ಇವನ್ನೆಲ್ಲ ಹೊಂದಿಸಿ ಲೆಕ್ಕ ಕಟ್ಟುವುದರಿಂದ ಈ ವ್ಯತ್ಯಾಸ.)

‘ಶೇ 29’ ಸುಳ್ಳಲ್ಲ. ‘10,000ಕ್ಕೆ 7’ ಕೂಡ ಸುಳ್ಳಲ್ಲ. ಮೊದಲನೆಯದನ್ನು ಓದಿ ನಿದ್ದೆಗೆಡುತ್ತೀರಿ, ಎರಡನೆಯದನ್ನು ಓದಿ ಡಾಕ್ಟರ ಜೊತೆ ಕೂತು ಯೋಚಿಸುತ್ತೀರಿ.

ನೀವು ಮಾಡಬೇಕಾದದ್ದು ಇಷ್ಟೇ: ಸುದ್ದಿಯಲ್ಲಿ “ಎರಡು ಪಟ್ಟು” ಅಂತ ಕಂಡರೆ ‘ಯಾವುದರ ಎರಡು ಪಟ್ಟು, ಎಷ್ಟು ವರ್ಷದಲ್ಲಿ’ ಅಂತ ಪಕ್ಕದಲ್ಲಿ ಬರೆಯಿರಿ. ಸಾವಿರಕ್ಕೆ 1 ಇದ್ದದ್ದು 2 ಆದರೂ ಎರಡು ಪಟ್ಟು. ಸಾವಿರಕ್ಕೆ 100 ಇದ್ದದ್ದು 200 ಆದರೂ ಎರಡು ಪಟ್ಟು.

ಹಂತ 4: ಜೊತೆಗಿದ್ದದ್ದೆಲ್ಲ ಕಾರಣವಲ್ಲ

ಬೆಂಗಳೂರಿನ ಯಾವುದೇ ದರ್ಶಿನಿಯ ಹೊರಗೆ ಸಂಜೆ ನಿಂತು ನೋಡಿ. ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಸಿಗರೇಟು. ಕಾಫಿ ಎಣಿಸಿ ಸಿಗರೇಟು ಮರೆತರೆ ತಪ್ಪೆಲ್ಲ ಕಾಫಿಯ ತಲೆಗೆ ಬರುತ್ತದೆ. ಹಳೆಯ ಕೆಲವು ಅಧ್ಯಯನಗಳಲ್ಲಿ ಹೀಗೇ ಆಯಿತು. ಸಿಗರೇಟಿನ ಲೆಕ್ಕ ಸರಿಯಾಗಿ ತೆಗೆದಾಗ ಕಾಫಿಯ ಮೇಲಿನ ಆರೋಪ ಬಹಳಷ್ಟು ಇಳಿಯಿತು. ಹೀಗೆ ಮಧ್ಯೆ ಬಂದು ಲೆಕ್ಕ ಕೆಡಿಸುವ ಸಂಗತಿಗೆ ‘ಕನ್‌ಫೌಂಡರ್’ ಅನ್ನುತ್ತಾರೆ.

ಹಾರ್ಮೋನ್ ಮಾತ್ರೆಯ ಕಥೆಯಲ್ಲೂ ಇದೇ ಇದೆ. 1976ರಲ್ಲಿ ಶುರುವಾದ ಅಮೆರಿಕದ ದಾದಿಯರ ಅಧ್ಯಯನದಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿದ್ದವರಿಗೆ ಹೃದಯದ ಕಾಯಿಲೆ ಕಡಿಮೆ ಅಂತ ಕಂಡಿತ್ತು. ಪ್ರಯೋಗ ಮಾಡಿದಾಗ ಉಲ್ಟಾ ಬಂತು. ತಾವಾಗಿಯೇ ಮಾತ್ರೆ ತೆಗೆದುಕೊಂಡ ಮಹಿಳೆಯರು ಸಾಮಾನ್ಯವಾಗಿ ಅನುಕೂಲಸ್ಥರು, ಆರೋಗ್ಯದ ಕಾಳಜಿ ಇದ್ದವರು. ಜೊತೆಗೆ ಅವರು ಮುಟ್ಟು ನಿಂತ ಹೊಸತರಲ್ಲೇ ಶುರು ಮಾಡಿದ್ದರು, ಪ್ರಯೋಗದಲ್ಲಿ ಇದ್ದವರು ಹೆಚ್ಚಿನ ವಯಸ್ಸಿನವರು. ಎರಡೂ ಸೇರಿ ಚಿತ್ರ ಬದಲಾಯಿತು.

ಹಾಗಾಗಿ ಸುದ್ದಿಯಲ್ಲಿ ‘ಸಂಬಂಧ ಕಂಡುಬಂದಿದೆ’ ಅಂತ ಇದ್ದರೆ ‘ಕಾರಣ’ ಅಂತ ಓದಿಕೊಳ್ಳಬೇಡಿ. ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪು ಮಾಡಿ ನೋಡಿದ ಪ್ರಯೋಗ ಇದೆಯಾ ಅಂತ ಹುಡುಕಿ. ಸಿಗರೇಟಿನ ವಿಷಯದಲ್ಲಿ ಅಂಥ ಪ್ರಯೋಗ ಮಾಡಲು ಆಗುವುದಿಲ್ಲ. ಆದರೆ ಅಲ್ಲಿ ದೇಶ, ಜಾತಿ, ಲಿಂಗ ಯಾವುದೇ ಇರಲಿ, ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುತ್ತವೆ. ಅಲ್ಲಿ ಅನುಮಾನಕ್ಕೆ ಜಾಗವಿಲ್ಲ.

ಹಂತ 5: ಗಂಡಸರ ಸಾಲು, ಹೆಂಗಸರ ಸಾಲು ಬೇರೆ ಮಾಡಿ

ಇಂಟರ್‌ಹಾರ್ಟ್ ಹೇಳಿದ ಒಂಬತ್ತು ಅಂಶಗಳು ಇವು: ತಂಬಾಕು, ರಕ್ತದ ಕೊಬ್ಬಿನ ಏರುಪೇರು, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು-ತರಕಾರಿ ತಿನ್ನದಿರುವುದು, ಮೈ ದಂಡಿಸದಿರುವುದು, ಮದ್ಯ. ಇದರಲ್ಲಿ ಮದ್ಯದ್ದು ಮಾತ್ರ ಗೋಜಲು. ಮಿತವಾಗಿ ಕುಡಿಯುವವರಿಗೆ ಅಪಾಯ ಕಡಿಮೆ ಅಂತ ಆಗ ಕಂಡಿತ್ತು. 4ನೇ ಹಂತದ ಕನ್ನಡಕ ಹಾಕಿಕೊಂಡು ಅದನ್ನು ಓದಿ. ಹೃದಯದ ಹೆಸರಲ್ಲಿ ಯಾರೂ ಕುಡಿತ ಶುರು ಮಾಡಬೇಕಿಲ್ಲ.

ಈ ಒಂಬತ್ತು ಸೇರಿ ಗಂಡಸರ ಹೃದಯಾಘಾತಗಳಲ್ಲಿ ಶೇ 90, ಹೆಂಗಸರಲ್ಲಿ ಶೇ 94 ಭಾಗಕ್ಕೆ ಲೆಕ್ಕ ಸಿಗುತ್ತದೆ. ಇದನ್ನು ‘ಈ ಅಂಶ ಇದ್ದರೆ ಶೇ 90 ಜನರಿಗೆ ಅಟ್ಯಾಕ್ ಆಗುತ್ತದೆ’ ಅಂತ ಓದುವವರು ಬಹಳ. ಹಾಗಲ್ಲ. ಇಡೀ ಜನಸಮೂಹದಲ್ಲಿ ಈ ಅಂಶಗಳು ಇಲ್ಲದೇ ಹೋಗಿದ್ದರೆ ಅಷ್ಟು ಭಾಗ ಹೃದಯಾಘಾತ ತಪ್ಪುತ್ತಿತ್ತು ಎಂಬ ಅಂದಾಜು ಅದು. ಒಬ್ಬ ವ್ಯಕ್ತಿಯ ಭವಿಷ್ಯ ಅಲ್ಲ.

ಅಂಶಗಳು ಅವೇ. ಆದರೆ ತೂಕ ಬೇರೆ. ಅದೇ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ ‘ಆಡ್ಸ್ ರೇಷಿಯೋ’ (ಸುಮಾರಾಗಿ ‘ಎಷ್ಟು ಪಟ್ಟು’ ಅಂತಿಟ್ಟುಕೊಳ್ಳಿ) ಹೆಂಗಸರಲ್ಲಿ 4.26, ಗಂಡಸರಲ್ಲಿ 2.67. ಬಿಪಿಗೆ ಹೆಂಗಸರಲ್ಲಿ 2.95, ಗಂಡಸರಲ್ಲಿ 2.32. ಮೊದಲ ಹೃದಯಾಘಾತ ಹೆಂಗಸರಿಗೆ ಗಂಡಸರಿಗಿಂತ ಸುಮಾರು 9 ವರ್ಷ ತಡವಾಗಿ ಬರುತ್ತದೆ.

ಇಲ್ಲಿ ಒಂದು ಗುಂಡಿ ಇದೆ, ನೋಡಿಕೊಂಡು ಕಾಲಿಡಿ. 4.26 ಅಂದರೆ ಸಕ್ಕರೆ ಕಾಯಿಲೆ ಇರುವ ಹೆಂಗಸಿಗೆ ಅದೇ ಕಾಯಿಲೆ ಇರುವ ಗಂಡಸಿಗಿಂತ ಹೆಚ್ಚು ಅಪಾಯ ಅಂತಲ್ಲ. ಆಕೆಯನ್ನು ಹೋಲಿಸಿದ್ದು ಸಕ್ಕರೆ ಕಾಯಿಲೆ ಇಲ್ಲದ ಹೆಂಗಸರ ಜೊತೆ. ಲೆಕ್ಕಕ್ಕೆ ಬರೀ ಊಹೆಯ ಸಂಖ್ಯೆ ಇಟ್ಟುಕೊಳ್ಳಿ: ಕಾಯಿಲೆ ಇಲ್ಲದ ಸಾವಿರ ಹೆಂಗಸರಲ್ಲಿ 10, ಇದ್ದವರಲ್ಲಿ 40, ಕಾಯಿಲೆ ಇಲ್ಲದ ಸಾವಿರ ಗಂಡಸರಲ್ಲಿ 30, ಇದ್ದವರಲ್ಲಿ 80. ಹೆಂಗಸರದ್ದು ನಾಲ್ಕು ಪಟ್ಟು, ಗಂಡಸರದ್ದು ಎರಡೂವರೆ ಪಟ್ಟಿನ ಆಸುಪಾಸು. ಆದರೂ 80 ದೊಡ್ಡದು. ಇದರ ಅರ್ಥ ಏನೆಂದರೆ, ಹೆಂಗಸರಿಗೆ ಪ್ರಕೃತಿ ಕೊಟ್ಟ ರಿಯಾಯಿತಿಯ ಬಹುಭಾಗವನ್ನು ಸಕ್ಕರೆ ಕಾಯಿಲೆ ಕಿತ್ತುಕೊಳ್ಳುತ್ತದೆ. ಶುಗರ್ ಇರುವ ಅಮ್ಮಂದಿರಿಗೆ ‘ಹೆಂಗಸರಿಗೆ ಹಾರ್ಟ್ ಪ್ರಾಬ್ಲಂ ಬರಲ್ಲ’ ಎಂಬ ಮಾತು ಅನ್ವಯಿಸುವುದೇ ಇಲ್ಲ.

ಹೆಂಗಸರ ಸಾಲಿನಲ್ಲಿ ಮಾತ್ರ ಬರೆಯಬೇಕಾದ ಸಂಗತಿಗಳೂ ಇವೆ. ಬಸುರಿನಲ್ಲಿ ಬಿಪಿ ಏರಿತ್ತಾ? ಅದರ ಜೊತೆ ಮೂತ್ರದಲ್ಲಿ ಪ್ರೋಟೀನ್ ಹೋಗಿತ್ತಾ (ಇದಕ್ಕೆ ಪ್ರಿ-ಎಕ್ಲಾಂಪ್ಸಿಯಾ ಅನ್ನುತ್ತಾರೆ)? ಬಸುರಿನಲ್ಲಿ ಶುಗರ್ ಬಂದು ಆಮೇಲೆ ಹೋಗಿತ್ತಾ? ಹೆರಿಗೆ ಆದ ಮೇಲೆ ‘ಎಲ್ಲ ಸರಿಹೋಯ್ತು’ ಅಂತ ಮರೆತುಬಿಡುತ್ತೇವೆ. ಆದರೆ ಇವು ಇದ್ದವರಿಗೆ ವರ್ಷಗಳ ನಂತರ ಹೃದಯದ ಕಾಯಿಲೆಯ ಅಪಾಯ ಹೆಚ್ಚು ಅಂತ ಅಧ್ಯಯನಗಳು ತೋರಿಸಿವೆ. ತಾಯಿ ಕಾರ್ಡ್ ತೆಗೆದಿಡಿ ಅಂದದ್ದು ಇದಕ್ಕೇ. ಅದರಲ್ಲಿ ಪ್ರತಿ ಭೇಟಿಯ ಬಿಪಿ ಬರೆದಿರುತ್ತಾರೆ. ಮುಟ್ಟು 45ಕ್ಕಿಂತ ಮೊದಲೇ ನಿಂತಿದ್ದರೆ ಅದನ್ನೂ ಬರೆಯಿರಿ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿದ್ದರೆ ಯಾವ ವಯಸ್ಸಿನಲ್ಲಿ ಅಂತ ಬರೆಯಿರಿ.

ಇನ್ನು ತಂಬಾಕು. “ಸಿಗರೇಟು ಸೇದುತ್ತೀರಾ?” ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನ ಹೆಂಗಸರು ಇಲ್ಲ ಅನ್ನುತ್ತಾರೆ. ಎಲೆ-ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಜ್ಜಿಯನ್ನು ಆ ಪ್ರಶ್ನೆ ಮುಟ್ಟುವುದಿಲ್ಲ. ಜಗಿಯುವ ತಂಬಾಕಿಗೂ ಇಂಟರ್‌ಹಾರ್ಟ್‌ನಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಬಂದಿದೆ. ಮನೆಯೊಳಗೆ ಬೇರೆಯವರು ಬಿಟ್ಟ ಹೊಗೆಯೂ ಲೆಕ್ಕಕ್ಕೆ ಬರುತ್ತದೆ.

ಹಂತ 6: ನಿಮ್ಮ ಸಂಖ್ಯೆಗಳನ್ನು ಬರೆಯಿರಿ

ಬಿಪಿ: ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕುಳಿತು, ಕಾಲು ನೆಲಕ್ಕೆ ಊರಿ, ತೋಳು ಎದೆಯ ಮಟ್ಟಕ್ಕೆ ಇಟ್ಟು ನೋಡಿ. ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿಕೊಂಡು ಬಂದು, ಮೆಟ್ಟಿಲು ಹತ್ತಿ, ಕೂತ ತಕ್ಷಣ ನೋಡಿಸಿದ ಬಿಪಿಗೆ ಅರ್ಥವಿಲ್ಲ. ಮನೆಯಲ್ಲಿ ಆದರೆ ಒಂದು ವಾರ ಬೆಳಿಗ್ಗೆ, ಸಂಜೆ ನೋಡಿ, ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆಯಿರಿ. ಆಸ್ಪತ್ರೆಯಲ್ಲಿ 140/90, ಮನೆಯಲ್ಲಿ 135/85 ಅಥವಾ ಅದಕ್ಕಿಂತ ಹೆಚ್ಚು ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಸೊಂಟದ ಸುತ್ತಳತೆ: ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಸುತ್ತಿ. ಉಸಿರು ಸಹಜವಾಗಿ ಬಿಟ್ಟು ನೋಡಿ, ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ಪ್ಯಾಂಟಿನ ಸೈಜು ಸೊಂಟದ ಅಳತೆ ಅಲ್ಲ, ಬಹಳ ಗಂಡಸರು ಬೆಲ್ಟು ಹಾಕುವುದು ಹೊಟ್ಟೆಯ ಕೆಳಗೆ. ಹೆಂಗಸರು ಲಂಗದ ದಾರ ಸಡಿಲಿಸಿ ಅಳೆಯಿರಿ. ಭಾರತೀಯರಿಗೆ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ.

ತೂಕ-ಎತ್ತರದ ಲೆಕ್ಕ, ಅಂದರೆ ಬಿಎಂಐ: ಕೆಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿ. 68 ಕೆಜಿ, 1.6 ಮೀಟರ್ ಇದ್ದರೆ 26.6. ನಮ್ಮವರಿಗೆ 23 ದಾಟಿದರೆ ಹೆಚ್ಚು, 25 ದಾಟಿದರೆ ಬೊಜ್ಜು. ಹೊರದೇಶದ ಆ್ಯಪ್‌ಗಳು 25ರವರೆಗೆ ಹಸಿರು ತೋರಿಸುತ್ತವೆ. ನಂಬಬೇಡಿ.

ಶುಗರ್: ಖಾಲಿಹೊಟ್ಟೆಯಲ್ಲಿ 126 ಅಥವಾ ಹೆಚ್ಚು ಇದ್ದರೆ ಸಕ್ಕರೆ ಕಾಯಿಲೆ ಇರಬಹುದು, ಇನ್ನೊಮ್ಮೆ ನೋಡಿ ಖಚಿತ ಮಾಡಿಕೊಳ್ಳಬೇಕು. 100ರಿಂದ 125 ಇದ್ದರೆ ಗಡಿಯಲ್ಲಿದ್ದೀರಿ.

ಮನೆತನ: ಅಪ್ಪ ಅಥವಾ ಅಣ್ಣ-ತಮ್ಮಂದಿರಿಗೆ 55ರೊಳಗೆ, ಅಮ್ಮ ಅಥವಾ ಅಕ್ಕ-ತಂಗಿಯರಿಗೆ 65ರೊಳಗೆ ಹೃದಯಾಘಾತ ಆಗಿತ್ತಾ? ‘ದೊಡ್ಡಪ್ಪ 82ಕ್ಕೆ ಹಾರ್ಟ್ ಅಟ್ಯಾಕಲ್ಲಿ ಹೋದರು’ ಎನ್ನುವುದು ಈ ಲೆಕ್ಕಕ್ಕೆ ಬರುವುದಿಲ್ಲ.

ಹಂತ 7: ಅಪಾಯದ ಚಾರ್ಟ್‌ನಲ್ಲಿ ನಿಮ್ಮ ಚೌಕ ಹುಡುಕಿ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಜಗತ್ತನ್ನು 21 ಪ್ರದೇಶಗಳಾಗಿ ಮಾಡಿ ಬೇರೆ ಬೇರೆ ಚಾರ್ಟ್ ತಂದಿದೆ. ನೀವು ನೋಡಬೇಕಾದದ್ದು ದಕ್ಷಿಣ ಏಷ್ಯಾದ್ದು. ಫ್ರೇಮಿಂಗ್‌ಹ್ಯಾಮ್‌ನ ಸೂತ್ರ ಅಲ್ಲಿನ ಬಿಳಿಯರ ಲೆಕ್ಕದಿಂದ ಬಂದದ್ದು. ನಮಗೆ ಹಾಗೇ ಹಾಕಿದರೆ ಉತ್ತರ ತಪ್ಪಬಹುದು.

ಎರಡು ಬಗೆ ಇದೆ. ರಕ್ತಪರೀಕ್ಷೆ ಇದ್ದರೆ ವಯಸ್ಸು, ಲಿಂಗ, ಧೂಮಪಾನ, ಬಿಪಿಯ ಎರಡು ಸಂಖ್ಯೆಗಳಲ್ಲಿ ಮೇಲಿನದು, ಸಕ್ಕರೆ ಕಾಯಿಲೆ, ಒಟ್ಟು ಕೊಲೆಸ್ಟ್ರಾಲ್. ಇಲ್ಲದಿದ್ದರೆ ಕೊನೆಯ ಎರಡರ ಬದಲು ಬಿಎಂಐ. ಹೆಂಗಸರ ಚಾರ್ಟ್, ಗಂಡಸರ ಚಾರ್ಟ್ ಅಕ್ಕಪಕ್ಕ ಇರುತ್ತವೆ, ತಪ್ಪಿ ಇನ್ನೊಂದನ್ನು ನೋಡಬೇಡಿ. ಸಿಗುವ ಸಂಖ್ಯೆ ಮುಂದಿನ 10 ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗುವ ಅಪಾಯ. ಶೇ 5ಕ್ಕಿಂತ ಕಡಿಮೆ ಇದ್ದರೆ ಹಸಿರು. 8 ಅಂತ ಬಂದರೆ, ನಿಮ್ಮಂಥ 100 ಜನರಲ್ಲಿ 8 ಜನರಿಗೆ ಆಗಬಹುದು ಎಂದರ್ಥ. ಆ 8ರಲ್ಲಿ ನೀವಿದ್ದೀರಾ ಅಂತ ಯಾವ ಚಾರ್ಟೂ ಹೇಳದು.

ಎಚ್ಚರಿಕೆಗಳು ಇಲ್ಲಿ ಸ್ವಲ್ಪ ಜಾಸ್ತಿ. ಈ ಚಾರ್ಟ್ 40ರಿಂದ 74 ವರ್ಷದವರಿಗೆ ಮಾತ್ರ. ಈಗಾಗಲೇ ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು ಇದನ್ನು ನೋಡಬೇಕಿಲ್ಲ, ಅವರು ಮೊದಲೇ ಹೆಚ್ಚಿನ ಅಪಾಯದವರು. ಮನೆತನ, ಬಸುರಿನ ಬಿಪಿ, ಬೇಗ ನಿಂತ ಮುಟ್ಟು, ಜಗಿಯುವ ತಂಬಾಕು ಯಾವುದೂ ಇದರಲ್ಲಿ ಇಲ್ಲ. ಹಾಗಾಗಿ 42ರ ಹೆಣ್ಣುಮಗಳಿಗೆ ಹಸಿರು ಬಂದರೆ ಅದಕ್ಕೆ ಮುಖ್ಯ ಕಾರಣ ಆಕೆಯ ವಯಸ್ಸು. ಬಿಪಿ 150 ಇದ್ದೂ ಹಸಿರು ಬಂದಿದ್ದರೆ ಆ 150ಕ್ಕೆ ಚಿಕಿತ್ಸೆ ಬೇಕೇ ಬೇಕು.

ಹಂತ 8: ಡಾಕ್ಟರ ಹತ್ತಿರ ಹೋಗುವಾಗ

ಹಾಳೆ ತೆಗೆದುಕೊಂಡು ಹೋಗಿ. “ಪೇಪರಲ್ಲಿ ಬಂದಿತ್ತು” ಅಂತ ಶುರು ಮಾಡುವ ಬದಲು “ನನ್ನ 10 ವರ್ಷದ ಅಪಾಯ ಇಷ್ಟು ಬಂದಿದೆ, ಚಾರ್ಟ್‌ನಲ್ಲಿ ಇಲ್ಲದ ಈ ಎರಡು ಸಂಗತಿ ನನಗಿವೆ” ಅಂತ ಹೇಳಿ. ಮಾತ್ರೆ ಬೇಕು ಅಂದರೆ “ಇದರಿಂದ ನನ್ನ ಅಪಾಯ ಎಷ್ಟಕ್ಕೆ ಇಳಿಯುತ್ತೆ?” ಅಂತ ಕೇಳಿ. ಮನೆತನದಲ್ಲಿ ಬೇಗ ಹೃದಯಾಘಾತ ಆಗಿದ್ದರೆ ಲೈಪೊಪ್ರೋಟೀನ್-ಎ ಪರೀಕ್ಷೆಯ ಬಗ್ಗೆ ವಿಚಾರಿಸಿ. ಇದು ಹುಟ್ಟಿನಿಂದ ಬರುವ ಒಂದು ಬಗೆಯ ಕೊಬ್ಬು. ಸಾಮಾನ್ಯವಾಗಿ ಜೀವನದಲ್ಲಿ ಒಂದು ಸಲ ನೋಡಿಸಿದರೆ ಸಾಕು.

‘ಮಾಸ್ಟರ್ ಚೆಕಪ್’ ಪ್ಯಾಕೇಜುಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಲಕ್ಷಣವೇ ಇಲ್ಲದ, ಅಪಾಯ ಕಡಿಮೆ ಇರುವವರಿಗೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿದರೆ ಸುಳ್ಳು ಗಾಬರಿ ಹುಟ್ಟಿಸುವ ಫಲಿತಾಂಶ ಬರುವುದುಂಟು. ಹೆಂಗಸರಲ್ಲಿ ಇದು ಇನ್ನೂ ಜಾಸ್ತಿ. ಇನ್ನೊಂದು, ಪ್ಯಾಕೇಜು ಮನೆಯ ಯಜಮಾನರಿಗೆ ಮಾತ್ರ ಬುಕ್ ಆಗುತ್ತದೆ, ಗಮನಿಸಿದ್ದೀರಾ? ಆ ದುಡ್ಡಿನಲ್ಲಿ ಒಂದು ಒಳ್ಳೆ ಬಿಪಿ ಮಿಷನ್ ತಂದರೆ ಅತ್ತೆ, ಅಮ್ಮ, ನೀವು ಎಲ್ಲರೂ ನೋಡಿಕೊಳ್ಳಬಹುದು.

ನಿಮ್ಮನ್ನೇ ಅಧ್ಯಯನಕ್ಕೆ ಕರೆದರೆ

ಬೆಂಗಳೂರಿನಲ್ಲಿ ಇದು ಆಗುತ್ತಿರುತ್ತದೆ. ಮನೆಗೆ ಬಂದವರ ಗುರುತಿನ ಚೀಟಿ ನೋಡಿ. ಯಾವ ಸಂಸ್ಥೆ, ನೈತಿಕ ಸಮಿತಿಯ (ಅಧ್ಯಯನದಲ್ಲಿ ಸೇರುವವರ ಹಿತ ಕಾಯುವ ಸಮಿತಿ) ಒಪ್ಪಿಗೆ ಇದೆಯಾ ಅಂತ ಕೇಳಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಬೇಕು, ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಯಾವಾಗ ಬೇಕಾದರೂ ಹೊರಗೆ ಬರಬಹುದು, ಅದರಿಂದ ನಿಮ್ಮ ಚಿಕಿತ್ಸೆಗೆ ತೊಂದರೆಯಾಗಬಾರದು. ನಿಮ್ಮ ಬಿಪಿ, ಶುಗರ್ ಫಲಿತಾಂಶವನ್ನು ನಿಮಗೆ ಕೊಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ದುಡ್ಡು ಕೇಳಿದರೆ, ಓಟಿಪಿ ಕೇಳಿದರೆ ಅದು ಅಧ್ಯಯನ ಅಲ್ಲ, ಬಾಗಿಲು ಹಾಕಿ. ಎಲ್ಲ ಸರಿ ಇದ್ದರೆ ಸೇರಿಕೊಳ್ಳಿ, ಮತ್ತು “ಮನೆಯವರು ಕೆಲಸಕ್ಕೆ ಹೋಗಿದ್ದಾರೆ, ಅವರು ಬಂದ ಮೇಲೆ ಬನ್ನಿ” ಅಂತ ಅವರನ್ನು ವಾಪಸ್ ಕಳಿಸಬೇಡಿ. ಅವರಿಗೆ ನಿಮ್ಮ ಬಿಪಿಯೂ ಬೇಕು.